ಕತ್ತರಿ ಬೀಳದ ಜೆರ್ಸಿ

ಜೆರ್ಸಿಗೆ ಕತ್ತರಿ ಬಿದ್ದ ಗುರುತೇ ಇರಲಿಲ್ಲ.

ಪೊಲೀಸ್ ಡಿಟೆಕ್ಟಿವ್ ವಿಲ್ಮಾ ಕ್ರೌಸ್ ಕುರ್ಚಿಯ ಮೇಲೆ ನಿಂತು ಇನ್ನೊಮ್ಮೆ ನೋಡಿದಳು. ಕೆಟರ್ಸ್‌ಬರ್ಗ್ ಹೈಸ್ಕೂಲಿನ ಹಜಾರದಲ್ಲಿ, ಗೆದ್ದ ಕಪ್ಪುಗಳನ್ನಿಟ್ಟ ಗಾಜಿನ ಬೀರುವಿನ ಮೇಲೆ ಅದನ್ನು ತೂಗುಹಾಕಿದ್ದರು. ಕೆಂಪು ಬಟ್ಟೆ, ಬಿಳಿ ಅಂಕಿ, ಐವತ್ತನಾಲ್ಕು. ಎದೆಯ ಮೇಲೆ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಕೊರಳಪಟ್ಟಿಯ ಬಳಿ ಮೂಗಿನಿಂದ ಸೋರಿದ ರಕ್ತದ ಕಂದು ಕಲೆ. ಕೆಳಗೆ ಮೇಣದ ಬತ್ತಿಗಳು, ಮಕ್ಕಳು ಬಣ್ಣ ಹಚ್ಚಿದ ಕಾರ್ಡುಗಳು, ಯಾರೋ ತಂದಿಟ್ಟ ಸೇವಂತಿಗೆ ಕುಂಡ. ಆ ಕುಂಡಕ್ಕೆ ಯಾರೋ ದಿನವೂ ತಪ್ಪದೆ ನೀರು ಹಾಕುತ್ತಿದ್ದರು; ಮಣ್ಣು ಇನ್ನೂ ಒದ್ದೆಯಾಗಿತ್ತು.

ವೆಸ್ಲಿ ಗ್ರಾಬೋವ್ಸ್ಕಿ ಅದನ್ನು ತೊಟ್ಟೇ ಮೈದಾನದಲ್ಲಿ ಕುಸಿದದ್ದು ಎಂದು ಊರೆಲ್ಲ ನಂಬಿತ್ತು. ಹುಡುಗ ಈಗ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಜೆರ್ಸಿಯನ್ನು ಒಗೆಯುವುದು ಬೇಡ, ಹೇಗಿತ್ತೋ ಹಾಗೇ ಇರಲಿ ಎಂದು ಊರವರೇ ತೀರ್ಮಾನಿಸಿದ್ದರು.

ಕುರ್ಚಿ ಅಲುಗದಂತೆ ಕೆಳಗೆ ಹಿಡಿದು ನಿಂತಿದ್ದವರು ಎವರೆಟ್ ಸ್ಟ್ರೂಬ್. ಜಿಲ್ಲೆಯ ಶಾಲಾ ಕ್ರೀಡಾ ಸಂಘದ ಅಧ್ಯಕ್ಷರು. ಅಮೆರಿಕನ್ ಫುಟ್‌ಬಾಲ್ ನಿಯಮಗಳಲ್ಲಿ ಯಾವ ಮಾತಿಗೆ ಏನರ್ಥ ಎಂದು ಬಿಡಿಸಿ ಹೇಳುವ ಅಧಿಕಾರ ಅವರದೇ. ಆ ಮಧ್ಯಾಹ್ನದ ವಿಚಾರಣೆಗೆಂದು ಬೆಳಿಗ್ಗೆಯೇ ಬಂದಿದ್ದರು. ಒಳ್ಳೆಯ ಉಣ್ಣೆಯ ಕೋಟು ನೆಲಕ್ಕೆ ತಾಗುತ್ತಿದ್ದರೂ ಲೆಕ್ಕಿಸದೆ ಮಂಡಿಯೂರಿ ಕುರ್ಚಿಯ ಕಾಲು ಹಿಡಿದಿದ್ದರು.

“ಒಂದೇ ಒಂದು ವಾಕ್ಯದ ಮೇಲೆ ನಿಂತಿರೋ ವಿಷಯ ಇದು, ವಿಲ್ಮಾ. ಆ ವಾಕ್ಯಾನ ನಮಗೆ ಬಿಡಿ. ನೀವು ಈ ವಯಸ್ಸಲ್ಲಿ ಕುರ್ಚಿ ಹತ್ತಿ ಸೊಂಟ ಮುರ್ಕೋಬೇಡಿ” ಎಂದರು ಅವರು.

ವಿಲ್ಮಾ ಇಳಿದಳು. ಏನು ಕಂಡಿತು ಎಂದು ಅವರು ಕೇಳಿದ್ದಕ್ಕೆ, ಧೂಳು ಎಂದಷ್ಟೇ ಹೇಳಿ ಕೈ ಕೊಡವಿಕೊಂಡಳು.

ಆ ವಾಕ್ಯ ಈಗ ಊರಿನ ಬಾಯಿಪಾಠವಾಗಿತ್ತು. “ಪೆಟ್ಟಾಗಿ ಹೊರಹೋದ ಆಟಗಾರ ಕಡೇಪಕ್ಷ ಒಂದು ಡೌನ್ ಮುಗಿಯುವವರೆಗೆ ಮೈದಾನಕ್ಕೆ ಮರಳತಕ್ಕದ್ದಲ್ಲ.” ಚೆಂಡು ಎತ್ತಿದ ಗಳಿಗೆಯಿಂದ ಸೀಟಿ ಊದುವವರೆಗಿನ ಒಂದು ಸೆಣಸು, ಅದೇ ಡೌನ್. ಮಳೆಯಲ್ಲಿ ನಡೆದ ಆ ಶುಕ್ರವಾರದ ಆಟದಲ್ಲಿ ವೆಸ್ಲಿಯ ತಲೆಗೆ ಏಟು ಬಿದ್ದು, ಅವನು ತೂರಾಡಿದ್ದು ಕಂಡು ರೆಫರಿ ಆಲ್ವಿನ್ ಟಿಬೆಟ್ಸ್ ಅವನನ್ನು ಹೊರಗೆ ಕಳಿಸಿದ್ದ. ಅವನಿಲ್ಲದೆ ಒಂದು ಡೌನ್ ಆಡಿದರು. ಆದರೆ ಯಾರೋ ಎದುರಾಳಿಯ ತೋಳು ಹಿಡಿದೆಳೆದ ತಪ್ಪಿಗೆ ಅದನ್ನು ರದ್ದು ಮಾಡಿ, ಮತ್ತೆ ಆಡಿ ಎಂದರು. ಮತ್ತೆ ಆಡಿದಾಗ ವೆಸ್ಲಿ ಸಾಲಿನಲ್ಲಿದ್ದ. ಎರಡು ಸಾಲು ಡಿಕ್ಕಿ ಹೊಡೆದು ಬೇರೆಯಾದಾಗ ಅವನೊಬ್ಬ ಏಳಲಿಲ್ಲ.

ರದ್ದಾದ ಡೌನು ಡೌನೋ ಅಲ್ಲವೋ? ಮುಖ್ಯಬೀದಿಯ ಹೋಟೆಲಿನಲ್ಲಿ ಜನ ಪ್ಯಾನ್‌ಕೇಕ್ ತಣ್ಣಗಾಗಲು ಬಿಟ್ಟು, ಉಪ್ಪಿನ ಬಾಟಲಿ ಮೆಣಸಿನ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ವಾದಿಸಿದರು. ಬೆವರು ಸುರಿಸಿ ಆಡಿದ್ದು ಆಡಿದ್ದೇ ಎಂದು ಕೆಲವರು. ಲೆಕ್ಕಕ್ಕಿಲ್ಲದ ಮೇಲೆ ಅದು ನಡೆದೇ ಇಲ್ಲ ಎಂದು ಉಳಿದವರು. ಅಣ್ಣತಮ್ಮಂದಿರು ಮಾತು ಬಿಟ್ಟರು. ಚರ್ಚಿನ ಪಾದ್ರಿ ಭಾನುವಾರದ ಉಪದೇಶದಲ್ಲಿ ಇದನ್ನೆತ್ತಿ, ಎರಡೂ ಕಡೆಯವರಿಂದ ಬೈಸಿಕೊಂಡರು.

ಹುಡುಗನ ತಾಯಿ ಲೊರೇನ್, ರೆಫರಿ ಕಣ್ಣಿದ್ದೂ ಕುರುಡನಾದ ಎಂದು ದೂರು ಕೊಟ್ಟಿದ್ದಳು. ಜಿಲ್ಲೆಯ ಸರ್ಕಾರಿ ವಕೀಲರು ಸಂಘದ ಮಾತಿಗಾಗಿ ಕಾಯುತ್ತಿದ್ದರು. ರದ್ದಾದದ್ದು ಡೌನ್ ಅಲ್ಲ ಎಂದು ಸಂಘ ಹೇಳಿದರೆ, ಬರಬಾರದ ಹುಡುಗನನ್ನು ಆಲ್ವಿನ್ ಒಳಗೆ ಬಿಟ್ಟಂತಾಗುತ್ತದೆ. ಆಗ ಮೊಕದ್ದಮೆ, ಬಹುಶಃ ಜೈಲು.

ಇದೆಲ್ಲದರ ನಡುವೆ ಈ ಜೆರ್ಸಿ, ಮೇಲಿಂದ ಕೆಳಗೆ ಒಂದು ಎಳೆಯೂ ಹರಿಯದೆ, ತೂಗುತ್ತಿತ್ತು.

*

ಅಗ್ನಿಶಾಮಕ ಠಾಣೆಯಲ್ಲಿ, ವೆಸ್ಲಿಯನ್ನು ಆಸ್ಪತ್ರೆಗೆ ಒಯ್ದ ಆಂಬುಲೆನ್ಸಿನ ಬೆವ್ ಮೊಟ್ಟೆ ತಿನ್ನುತ್ತಿದ್ದಳು. ವಿಲ್ಮಾಳನ್ನು ಕಂಡು ಎದುರಿನ ಕುರ್ಚಿಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿ, ತನ್ನ ಬ್ರೆಡ್ಡಿನಲ್ಲಿ ಅರ್ಧ ಕೊಟ್ಟಳು. ಏಟಾದ ಹುಡುಗನ ಜೆರ್ಸಿಯನ್ನು ಹೇಗೆ ತೆಗೆಯುತ್ತೀರಿ ಎಂದು ಕೇಳಿದ್ದಕ್ಕೆ ಉತ್ತರ ನೇರವಾಗಿ ಬಂತು.

“ಕತ್ತಿಗೆ ಏಟಾಗಿರಬಹುದು ಅನ್ನೋ ಅನುಮಾನ ಇದ್ದಾಗ ತಲೆ ಮೇಲಿಂದ ಯಾವ ಬಟ್ಟೇನೂ ಎಳೆಯಲ್ಲ. ಕೊರಳಿಂದ ಹೊಟ್ಟೆವರೆಗೂ ಕತ್ತರಿಸ್ತೀವಿ. ಅವತ್ತು ನಾನೇ ಕತ್ತರಿಸ್ದೆ, ಗಾಡಿ ಒಳಗೆ.”

ನಂಬರು ಏನಿತ್ತು ಎಂದು ವಿಲ್ಮಾ ಕೇಳಿದಳು. ಬೆವ್ ಯೋಚಿಸಿದಳು. ಮೈತುಂಬ ಕೆಸರಿತ್ತು, ಮಳೆ ಹುಯ್ಯುತ್ತಿತ್ತು, ತಾನು ನೋಡಿದ್ದು ಹುಡುಗನ ಕಣ್ಣಿನ ಪಾಪೆಯನ್ನೇ ಹೊರತು ಅಂಕಿಯನ್ನಲ್ಲ ಎಂದಳು. ಕತ್ತರಿಸಿದ ಬಟ್ಟೆಯನ್ನೆಲ್ಲ ಆಸ್ಪತ್ರೆಯವರು ಚೀಲಕ್ಕೆ ಹಾಕಿ ಮನೆಯವರಿಗೆ ಕೊಟ್ಟಿರುತ್ತಾರೆ, ಅದು ಪದ್ಧತಿ.

ಚೀಲವನ್ನು ಪಡೆದಿದ್ದ ಲೊರೇನ್ ಅಂದಿನಿಂದ ಮಗನ ಹಾಸಿಗೆ ಬಿಟ್ಟು ಕದಲಿರಲಿಲ್ಲ. ಅದನ್ನು ಬಿಚ್ಚಿ ನೋಡುವ ಮನಸ್ಸು ಯಾವ ತಾಯಿಗೆ ಬರುತ್ತದೆ ಎಂದುಕೊಂಡಳು ವಿಲ್ಮಾ. ಇವತ್ತಿನ ವಿಚಾರಣೆಗೆ ಮಾತ್ರ ಬರುವುದಾಗಿ ಅವಳು ಹೇಳಿಕಳಿಸಿದ್ದಳು.

*

ಆಲ್ವಿನ್ ಟಿಬೆಟ್ಸ್‌ಗೆ ಶುಕ್ರವಾರ ಮಾತ್ರ ರೆಫರಿಯ ಪಟ್ಟೆಪಟ್ಟೆ ಅಂಗಿ. ಉಳಿದ ದಿನಗಳಲ್ಲಿ ಅವನು ಕ್ಷೌರಿಕ. ಅವನ ಅಂಗಡಿಯ ಗಾಜಿಗೆ ಯಾರೋ ಮೊಟ್ಟೆ ಹೊಡೆಯುತ್ತಿದ್ದರು. ಪಕ್ಕದ ಚಪ್ಪಲಿ ರಿಪೇರಿಯವನು ಅವನಿಗಿಂತ ಮೊದಲೇ ಬಂದು ಅದನ್ನು ಒರೆಸಿಬಿಡುತ್ತಿದ್ದ. ಕೇಳಿದರೆ, ತನ್ನ ಗಾಜು ಒರೆಸುವಾಗ ಕೈ ಹಾಗೇ ಮುಂದಕ್ಕೆ ಹೋಯಿತು ಎನ್ನುತ್ತಿದ್ದ.

ಗಿರಾಕಿಗಳಿರಲಿಲ್ಲ. ಆಲ್ವಿನ್ ಖಾಲಿ ಕುರ್ಚಿಯಲ್ಲಿ ತಾನೇ ಕೂತು ಕನ್ನಡಿ ನೋಡುತ್ತಿದ್ದ. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಅವಳನ್ನು ಕಂಡು ಎದ್ದು ಕಾಫಿ ಬಗ್ಗಿಸಿದ.

“ಮತ್ತೆ ಅದೇ ಕೇಳೋಕೆ ಬಂದ್ಯಾ? ಅವನು ಬಂದಿದ್ದು ನಾನು ನೋಡ್ಲಿಲ್ಲ, ವಿಲ್ಮಾ. ನೋಡಿದ್ರೆ ಬಿಡ್ತಿರ್ಲಿಲ್ಲ. ಅಷ್ಟೇ ನಂಗೆ ಗೊತ್ತಿರೋದು.” ಕಾಫಿಯನ್ನು ಅವಳ ಕಡೆ ಸರಿಸಿ ಸೇರಿಸಿದ. “ಈಗೀಗ ಅದೂ ಗೊತ್ತಿಲ್ಲ. ನೋಡಿದ್ನೇನೋ. ನೋಡಿ ಸುಮ್ಮನಾದ್ನೇನೋ.”

ವಿಲ್ಮಾ ಕೈಚೀಲದಿಂದ ಪತ್ರಿಕೆಯ ಚಿತ್ರವನ್ನು ತೆಗೆದು ಅವನ ಮುಂದಿಟ್ಟಳು. ಜಿಲ್ಲೆಯವರೆಲ್ಲ ಕಂಡಿದ್ದ ಚಿತ್ರ. ಆಲ್ವಿನ್ ಕೆಸರಿನಲ್ಲಿ ಮಂಡಿಯೂರಿ, ಹುಡುಗನ ಮುಖಕ್ಕೆ ಮಳೆ ಬೀಳದಂತೆ ಎರಡೂ ಅಂಗೈ ಚಾಚಿ ಮರೆಮಾಡಿದ್ದ. ಹುಡುಗನ ಎದೆಯ ಅಂಕಿ ಕೆಸರಿನಲ್ಲಿ ಮುಚ್ಚಿಹೋಗಿತ್ತು. ಕೆಳಗೆ ‘ತಡವಾಗಿ ಬಂದ ಕಾಳಜಿ’ ಎಂದು ಪತ್ರಿಕೆಯವರು ಬರೆದಿದ್ದರು.

ಅವನು ಮುಖ ತಿರುಗಿಸಿದ. ನೋಡು ಎಂದು ಅವಳು ಒತ್ತಾಯ ಮಾಡಿದಳು. ಬಲಗೈ ಬೆರಳಿನಲ್ಲಿ ರಬ್ಬರ್ ಬ್ಯಾಂಡ್ ಇತ್ತು. ಅದು ಎಲ್ಲ ರೆಫರಿಗಳಿಗೂ ಇರುವಂಥದು. ಒಂದೊಂದು ಡೌನಿಗೆ ಒಂದೊಂದು ಬೆರಳಿಗೆ ದಾಟಿಸುತ್ತಾರೆ. ಗಲಾಟೆಯಲ್ಲಿ ಲೆಕ್ಕ ತಪ್ಪಬಾರದು ಎಂದು. ಎಡಗೈ ಕಿರುಬೆರಳಿನಲ್ಲಿ ಇನ್ನೊಂದು ಬ್ಯಾಂಡ್ ಇತ್ತು. ಅದೇನು ಎಂದು ಕೇಳಿದಳು.

ಅದು ತನ್ನದೇ ಅಭ್ಯಾಸ ಎಂದ ಆಲ್ವಿನ್. ಪೆಟ್ಟಾದ ಹುಡುಗನನ್ನು ಹೊರಗೆ ಕಳಿಸಿದ ಕೂಡಲೇ ಎಡಗಿರುಬೆರಳಿಗೆ ಒಂದು ಬ್ಯಾಂಡ್ ಹಾಕಿಕೊಳ್ಳುತ್ತಾನೆ. ಪ್ರತಿ ಡೌನಿಗೆ ಮೊದಲು ಬೆರಳು ಚುರುಗುಟ್ಟುತ್ತದೆ. ಆಗ ಆ ನಂಬರು ಸಾಲಿನಲ್ಲಿ ಇದೆಯೇ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ಹುಡುಗ ನ್ಯಾಯವಾಗಿ ಮರಳಿದ ಮೇಲೆ ಬಿಚ್ಚುತ್ತಾನೆ. ಮದುವೆಯುಂಗುರ ತೊಡುವುದನ್ನಾದರೂ ಮರೆತಾನು, ಅದನ್ನಲ್ಲ.

“ಈ ಚಿತ್ರದಲ್ಲಿ ಬಿಚ್ಚಿಲ್ಲ” ಎಂದಳು ವಿಲ್ಮಾ.

ಆಲ್ವಿನ್ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ. ಅವನ ಭುಜಗಳು ಸಡಿಲವಾಗುವುದನ್ನು ಅವಳು ಕಂಡಳು. ನಿದ್ದೆಗೆಟ್ಟ ಅಷ್ಟೂ ದಿನಗಳಲ್ಲಿ ಮೊದಲ ಸಲ ಅವನು ತನ್ನನ್ನು ತಾನು ನಂಬಿದ್ದ.

“ಹಾಗಾದ್ರೆ ನನ್ನ ಲೆಕ್ಕದಲ್ಲಿ ಐವತ್ತನಾಲ್ಕು ಇನ್ನೂ ಹೊರಗೇ ಇತ್ತು.”

“ಹೊರಗೇ ಇತ್ತು. ನೀನು ಹುಡುಕ್ತಾ ಇದ್ದೆ. ಹುಡುಕಿದ್ರೂ ಸಿಗಲಿಲ್ಲ, ಯಾಕಂದ್ರೆ ಸಾಲಲ್ಲಿ ಐವತ್ತನಾಲ್ಕು ಇರ್ಲೇ ಇಲ್ಲ. ವೆಸ್ಲಿ ಇದ್ದ. ಮೈಮೇಲೆ ಬೇರೆ ಯಾವುದೋ ನಂಬರಿತ್ತು.”

ಹೆಲ್ಮೆಟ್ಟಿನ ಸರಳುಗಳ ಹಿಂದೆ ಎಲ್ಲ ಹುಡುಗರದೂ ಒಂದೇ ಮುಖ. ಮೈದಾನದಲ್ಲಿ ಹೆಸರಿಲ್ಲ, ನಂಬರೇ ಮನುಷ್ಯ. ಬಿದ್ದವನ ಬಳಿ ಓಡಿ ಬಂದು ಸರಳಿನೊಳಗೆ ವೆಸ್ಲಿಯ ಮುಖ ಕಂಡಾಗ, ಇವನಿಲ್ಲಿ ಹೇಗೆ ಬಂದ ಎಂದು ಒಂದು ಕ್ಷಣ ತನಗೆ ಅರ್ಥವೇ ಆಗಿರಲಿಲ್ಲ ಎಂದು ಆಲ್ವಿನ್ ಈಗ ನೆನೆಸಿಕೊಂಡ. ಆಮೇಲೆ ಮಳೆ, ಕಿರುಚಾಟ. ಎದೆಯ ಅಂಕಿ ಓದುವ ವ್ಯವಧಾನ ಯಾರಿಗಿತ್ತು?

*

ಕೋಚ್ ಲೆನ್ ಮರ್ಸರ್ ಶಾಲೆಯ ನೆಲಮಾಳಿಗೆಯ ಸಾಮಾನು ಕೋಣೆಯಲ್ಲಿ ಸಿಕ್ಕ. ಒಗೆಯುವ ಯಂತ್ರ ಗಡಗಡ ಸದ್ದು ಮಾಡುತ್ತಿತ್ತು. ಒದ್ದೆ ಚರ್ಮದ ವಾಸನೆ. ಗೋಡೆಯುದ್ದಕ್ಕೂ ಕೊಕ್ಕೆಗಳಲ್ಲಿ ಜೆರ್ಸಿಗಳು. ಕೊನೆಯ ಕೆಲವು ಕೊಕ್ಕೆಗಳಲ್ಲಿ ಯಾವ ಆಟಗಾರನಿಗೂ ಸೇರದ, ಬಿಡಿ ನಂಬರಿನವು: ಕೆಸರಿಗೆ ಅಂಕಿ ಮುಚ್ಚಿಹೋದರೆ, ರಕ್ತವಾದರೆ ಬದಲಿಸಲು ಇಟ್ಟಿದ್ದು. ಹಾಗೆ ಬದಲಿಸಿದರೆ ರೆಫರಿಗೆ ಹೇಳಿಯೇ ಒಳಗೆ ಕಳಿಸಬೇಕು.

ಎಪ್ಪತ್ತೈದರ ಪಕ್ಕದ ಕೊಕ್ಕೆ ಖಾಲಿಯಿತ್ತು. ಅದರಾಚೆ ಎಪ್ಪತ್ತೇಳು.

“ಡಿಟೆಕ್ಟಿವ್ ಅವರು ಒಗೆಯೋಕೆ ಬಟ್ಟೆ ತಂದಿದ್ದೀರಾ?” ಎಂದ ಮರ್ಸರ್. ನಗು ಕಣ್ಣಿಗೆ ಏರಲಿಲ್ಲ. ಅವನೂ ನಿದ್ದೆ ಕಂಡವನಂತಿರಲಿಲ್ಲ.

ಎಪ್ಪತ್ತಾರು ಎಲ್ಲಿ ಎಂದು ವಿಲ್ಮಾ ಕೇಳಿದಳು. ಕಳೆದುಹೋಗಿದೆ, ಪ್ರತಿ ವರ್ಷ ಒಂದೆರಡು ಹೋಗುತ್ತವೆ ಎಂದ. ಮೇಲೆ ಹಜಾರದಲ್ಲಿ ತೂಗುವ ಜೆರ್ಸಿಯನ್ನು ಯಾರು ತಂದುಕೊಟ್ಟರು ಎಂದು ಕೇಳಿದಳು. ತಾನೇ ಎಂದ, ಆ ದಿನದ್ದು ತನ್ನ ಬಳಿ ಇತ್ತು.

“ವೆಸ್ಲಿ ತೊಟ್ಟಿದ್ದನ್ನ ಆಂಬುಲೆನ್ಸಲ್ಲಿ ಕತ್ತರಿಸಿದ್ದಾರೆ, ಲೆನ್. ನೀವು ತೂಗುಹಾಕಿರೋದಕ್ಕೆ ಒಂದು ಹೊಲಿಗೇನೂ ಬಿಚ್ಚಿಲ್ಲ.”

ಯಂತ್ರ ಗಡಗಡಿಸುತ್ತಲೇ ಇತ್ತು. ಮರ್ಸರ್ ಕೈ ಚಾಚಿ ಅದನ್ನು ಆರಿಸಿದ.

ಅವನು ಮೊದಲು ನಿಯಮ ಹಿಡಿದುಕೊಂಡ. ಹುಡುಗ ಒಂದು ಡೌನ್ ಹೊರಗಿದ್ದನೇ ಇಲ್ಲವೇ? ಇದ್ದ. ಆಡಿದ್ದು ಹನ್ನೊಂದು ಹನ್ನೊಂದು ಜನ, ಬೆವರಿದ್ದು, ಕೆಸರಾಗಿದ್ದು ನಿಜವೇ ತಾನೇ? ಆಮೇಲೆ ಕಾಗದದಲ್ಲಿ ರದ್ದಾದರೆ ನಡೆದದ್ದು ನಡೆಯದಂತಾಗುತ್ತದೆಯೇ? ನಿಯಮದಲ್ಲಿ ಮುಗಿಯುವವರೆಗೆ ಎಂದಿದೆ, ಮುಗಿದಿತ್ತು. ಎಷ್ಟು ಸಲ ತನಗೆ ತಾನೇ ಹೇಳಿಕೊಂಡಿದ್ದನೋ, ವಾದ ತಡೆಯಿಲ್ಲದೆ ಹರಿಯಿತು.

“ಅಷ್ಟು ಖಾತ್ರಿ ಇದ್ರೆ ನಂಬರ್ ಯಾಕೆ ಬದಲಾಯ್ತು?”

ಅವನು ಬೆಂಚಿನ ಮೇಲೆ ಕೂತ.

“ನಾನು ಕಳಿಸ್ಲಿಲ್ಲ.”

“ಆದ್ರೆ ನೋಡಿದ್ರಿ.”

“ನೋಡ್ದೆ. ಎಪ್ಪತ್ತಾರು ಸಾಲಲ್ಲಿ ಬಗ್ಗಿ ನಿಂತ ತಕ್ಷಣ ಗೊತ್ತಾಯ್ತು. ಸಣ್ಣ ಹುಡುಗ ಇದ್ದಾಗಿಂದ ಕಲಿಸಿದ್ದೀನಿ ಅವನಿಗೆ. ಬೆನ್ನು ಬಗ್ಗಿಸೋ ರೀತಿ ಸಾಕು ನಂಗೆ.”

“ಕೂಗ್ಬಹುದಿತ್ತು.”

“ಬಾಯಿ ತೆಗೆದೆ. ಚೆಂಡು ಇನ್ನೊಂದು ಗಜ ಮುಂದೆ ಹೋದ್ರೆ ಗೆಲ್ತಿದ್ವಿ.” ಅವನು ತನ್ನ ಅಂಗೈ ನೋಡಿಕೊಂಡ. “ಬಾಯಿ ಮುಚ್ಚಿದೆ.”

ಮೇಲೆ ಎಲ್ಲೋ ಮಕ್ಕಳ ಬ್ಯಾಂಡಿನವರು ಅಭ್ಯಾಸ ಮಾಡುತ್ತಿದ್ದರು. ಒಂದೇ ಸಾಲನ್ನು ತಪ್ಪು ತಪ್ಪಾಗಿ ಮತ್ತೆ ಮತ್ತೆ ನುಡಿಸುತ್ತಿದ್ದರು. ವಿಲ್ಮಾ ಕಾದಳು. ಅವಳ ವೃತ್ತಿಯಲ್ಲಿ ಅರ್ಧ ಕೆಲಸ ಕಾಯುವುದೇ.

ಜೆರ್ಸಿ ತೊಡಿಸಿದವರು ಯಾರು ಎಂದು ಅವಳು ಕೊನೆಗೆ ಕೇಳಿದಾಗ ಮರ್ಸರ್ ಅಡ್ಡಡ್ಡ ತಲೆಯಾಡಿಸಿದ. ಬೇಡ, ಅದನ್ನು ಮಾತ್ರ ಕೇಳಬೇಡಿ, ನನ್ನ ಹೆಸರೇ ಬರೆದುಕೊಳ್ಳಿ ಎಂದ. ತಂಡದ ತಾಯಂದಿರ ಡೇರೆ ಅವಳಿಗೂ ಗೊತ್ತಿತ್ತು. ಮೈದಾನದಂಚಿನಲ್ಲಿ ಒಣ ಟವೆಲು, ಬಿಸಿ ಕೋಕೋ, ಹೊಲಿಗೆ ಸಾಮಾನು ಇಟ್ಟುಕೊಂಡು ಅಮ್ಮಂದಿರು ಸರದಿಯ ಮೇಲೆ ಕೂರುತ್ತಾರೆ. ಬದಲಿ ಜೆರ್ಸಿಗಳ ಚೀಲ ಅವರ ಬಳಿಯೇ ಇರುತ್ತದೆ.

“ಅವತ್ತು ಸರದಿ ಯಾರದು, ಲೆನ್?”

ಅವನು ಉತ್ತರ ಕೊಡುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಗೊತ್ತಾಗಬಾರದಿತ್ತು ಎಂದು ಅನ್ನಿಸಿತು.

“ಲೊರೇನ್‌ದು” ಎಂದ ಮರ್ಸರ್. “ಹುಡುಗನ್ನ ಒಳಗೆ ಕರ್ಕೊಂಡು ಹೋಗಿ ಮುಖ ಒರೆಸಿದ್ಲು. ಆಂಬುಲೆನ್ಸ್ ಹೋದ ಮೇಲೆ ನಾನು ಡೇರೆಗೆ ಹೋದ್ರೆ ಐವತ್ತನಾಲ್ಕು ಕುರ್ಚಿ ಮೇಲೆ ಮಡಿಸಿಟ್ಟಿತ್ತು. ಅಮ್ಮ ಮಡಿಸೋ ಹಾಗೆ, ತೋಳು ಒಳಗೆ ಮಡಿಸಿ.”

*

ವಿಚಾರಣೆ ಶಾಲೆಯ ಗ್ರಂಥಾಲಯದಲ್ಲಿತ್ತು. ಓದುವ ಮೇಜುಗಳನ್ನು ಜೋಡಿಸಿ ಸಂಘದವರಿಗೆ ಜಾಗ ಮಾಡಿದ್ದರು. ಕುರ್ಚಿ ಸಾಲದೆ ಜನ ಕಪಾಟುಗಳಿಗೆ ಒರಗಿ ನಿಂತಿದ್ದರು. ಲೊರೇನ್ ಗ್ರಾಬೋವ್ಸ್ಕಿ ಮುಂದಿನ ಸಾಲಿನಲ್ಲಿ, ಆಸ್ಪತ್ರೆಯಿಂದ ನೇರ ಬಂದ ಸುಕ್ಕು ಬಟ್ಟೆಯಲ್ಲಿ ಕೂತಿದ್ದಳು. ಅವಳ ಹಿಂದಿನ ಸಾಲಿನ ಅಪರಿಚಿತ ಹೆಂಗಸೊಬ್ಬಳು ತನ್ನ ಶಾಲನ್ನು ತೆಗೆದು ಸದ್ದಿಲ್ಲದೆ ಅವಳ ಹೆಗಲಿಗೆ ಹೊದಿಸಿದಳು. ಲೊರೇನ್‌ಗೆ ಅದು ತಿಳಿದಂತೆಯೂ ಕಾಣಲಿಲ್ಲ.

ವಿಲ್ಮಾ ಆಲ್ವಿನ್‌ನನ್ನು ಹೊರಗಿನ ಕಾರಿಡಾರಿಗೆ ಕರೆದು ಎಲ್ಲ ಹೇಳಿದಳು. ಹೇಳದೆ ಇರುವ ಹಾಗಿರಲಿಲ್ಲ. ಅವನ ಬದುಕು ಅದರ ಮೇಲೆ ನಿಂತಿತ್ತು. ನಂಬರು ಬದಲಾದದ್ದು ಗೊತ್ತಾದರೆ ರೆಫರಿ ಮೋಸಹೋದವನಾಗುತ್ತಾನೆ. ಡೌನಿನ ಅರ್ಥ ಏನೇ ಆಗಲಿ, ಅವನ ಮೇಲೆ ಬೆರಳು ತೋರಿಸಲು ಬರುವುದಿಲ್ಲ.

ಆಲ್ವಿನ್ ಬಾಗಿಲಿನ ಗಾಜಿನಾಚೆ ಲೊರೇನಳ ಬೆನ್ನನ್ನು ನೋಡುತ್ತ ನಿಂತ. ಅವಳು ಬೇಕರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಶನಿವಾರ ಅವನು ಹೋದರೆ ಅಂಚು ಸೀದ ರೊಟ್ಟಿ ಅವನಿಗಿಷ್ಟವೆಂದು ತೆಗೆದಿಟ್ಟಿರುತ್ತಿದ್ದಳು.

“ಅವಳಿಗೆ ಗೊತ್ತಾ? ನಿನಗೆ ಗೊತ್ತು ಅನ್ನೋದು?”

“ಇಲ್ಲ.”

“ಆ ಹುಡುಗ ಎದ್ದೇಳ್ತಾನೋ ಇಲ್ವೋ. ಈ ಮಾತು ಅಲ್ಲಿ ಆಡಿಬಿಟ್ರೆ ಅವಳು ಆ ಹಾಸಿಗೆ ಪಕ್ಕ ಮತ್ತೆ ಕೂತ್ಕೊಳ್ಳೋದು ಹೇಗೆ, ವಿಲ್ಮಾ?”

ತಾನು ಪೊಲೀಸಿನವಳು, ಸತ್ಯವನ್ನು ಮಡಿಸಿ ಚೀಲದಲ್ಲಿ ಇಟ್ಟುಕೊಳ್ಳುವ ಅಧಿಕಾರ ತನಗಿಲ್ಲ ಎಂದಳು ಅವಳು. ಆಲ್ವಿನ್ ಒಪ್ಪಿದ. ಮೊದಲು ತನ್ನ ಸರದಿ ಮುಗಿಯಲಿ, ಅಲ್ಲಿಯವರೆಗೆ ಸುಮ್ಮನಿರು, ಅಷ್ಟು ಮಾಡು ಸಾಕು ಎಂದು ಕೇಳಿಕೊಂಡ. ಅವನು ಅಷ್ಟು ಸಮಾಧಾನದಿಂದ ಕೇಳಿದ್ದಕ್ಕೇ ಅವಳಿಗೆ ಭಯವಾಗಬೇಕಿತ್ತು. ಆಗಲಿಲ್ಲ. ತಲೆಯಾಡಿಸಿ ಒಳಗೆ ಹೋಗಿ ಹಿಂದಿನ ಗೋಡೆಗೆ ನಿಂತಳು. ಮರ್ಸರ್ ಬಾಗಿಲ ಬಳಿ ಟೋಪಿ ಹಿಂಡುತ್ತ ನಿಂತಿದ್ದ.

ಸ್ಟ್ರೂಬ್ ಕನ್ನಡಕ ಹಾಕಿಕೊಂಡು ವಾಕ್ಯವನ್ನು ಓದಿದರು. ಅವರ ಒಂದು ಬದಿಗೆ ಸಂಘದ ಇನ್ನೊಬ್ಬ ಸದಸ್ಯೆ, ಪಕ್ಕದ ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಮಿಸೆಸ್ ಓಕ್ಸ್ ಕೂತಿದ್ದರು. ಈ ಮಾತಿಗೆ ಎರಡು ಅರ್ಥ ಹೊರಡುವುದು ತಮಗೂ ಗೊತ್ತು, ಬರೆದವರು ರದ್ದಾದ ಡೌನಿನ ಬಗ್ಗೆ ಯೋಚಿಸಿರಲಿಲ್ಲ ಎಂದು ಸ್ಟ್ರೂಬ್ ಒಪ್ಪಿಕೊಂಡರು. ಹಾಗಾಗಿ ಪದಕ್ಕಿಂತ ಉದ್ದೇಶ ನೋಡಬೇಕು. ರೆಫರಿಗೆ ಆ ಗಳಿಗೆಯಲ್ಲಿ ಏನು ತಿಳಿದಿತ್ತು ಎನ್ನುವುದರ ಮೇಲೆ ತೀರ್ಮಾನ ನಿಲ್ಲುತ್ತದೆ ಎಂದರು. ಮಾತು ಮೃದುವಾಗಿತ್ತು. ಆಲ್ವಿನ್‌ಗೆ ನೀರು ಬೇಕೇ ಎಂದೂ ಕೇಳಿದರು.

ಆಲ್ವಿನ್ ಎದ್ದು ನಿಂತ. ನೀರು ಬೇಡ ಎಂದ.

“ಐವತ್ತನಾಲ್ಕು ಮರಳಿ ಬಂದಿದ್ದನ್ನ ನೀವು ನೋಡಿದ್ರಾ, ಮಿಸ್ಟರ್ ಟಿಬೆಟ್ಸ್?”

“ನೋಡ್ದೆ.”

ಗ್ರಂಥಾಲಯದಲ್ಲಿ ಒಂದು ಅಲೆ ಎದ್ದಂತಾಯಿತು. ವಿಲ್ಮಾ ಗೋಡೆ ಬಿಟ್ಟು ಮುಂದೆ ಬಂದಳು. ಅವನು ಅವಳ ಕಡೆ ನೋಡಲಿಲ್ಲ.

“ರದ್ದಾಗಿದ್ದು ಡೌನ್ ಅಲ್ಲ ಅಂತ ನಂಗೆ ಗೊತ್ತಿತ್ತು. ಆದ್ರೂ ಬಿಟ್ಟೆ. ಆಟ ಬೇಗ ಮುಗೀಲಿ ಅಂತ. ನೀವು ಪದಕ್ಕೆ ಯಾವ ಅರ್ಥ ಹಚ್ಚಿದ್ರೂ ತಪ್ಪು ನಂದೇ.”

ನೋಡಲಿಲ್ಲ ಎನ್ನಬಹುದಿತ್ತು, ರದ್ದಾದದ್ದೂ ಡೌನೇ ಎನ್ನಬಹುದಿತ್ತು; ತನಗೆ ತೆರೆದಿದ್ದ ಆ ಎರಡು ಬಾಗಿಲುಗಳನ್ನೂ ಅವನು ಒಂದೇ ಉಸಿರಿಗೆ ಎಳೆದು ಮುಚ್ಚಿಕೊಂಡಿದ್ದ. ಹಿಂದಿನಿಂದ ಯಾರೋ, ಈಗಲಾದರೂ ನಿಜ ಹೇಳಿದ ಎಂದರು. ಸರ್ಕಾರಿ ವಕೀಲರು ಜೇಬಿನಿಂದ ಪೆನ್ನು ತೆಗೆದರು. ಸ್ಟ್ರೂಬ್ ಕನ್ನಡಕ ಕಳಚಿ ಮೇಜಿನ ಮೇಲಿಟ್ಟು, ಇಷ್ಟಾದ ಮೇಲೆ ಬೇರೆ ಸಾಕ್ಷಿಯ ಅಗತ್ಯವಿಲ್ಲ ಎಂದು ತೋರುತ್ತದೆ ಎಂದರು. ಅವರ ದನಿಯಲ್ಲಿ ಒಂದು ನಿಟ್ಟುಸಿರಿತ್ತು.

ವಿಲ್ಮಾ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನ ಕುರ್ಚಿಯೊಂದು ಹಿಂದಕ್ಕೆ ಸರಿದ ಸದ್ದಾಯಿತು.

ಲೊರೇನ್ ಎದ್ದಿದ್ದಳು. ಶಾಲು ಜಾರಿ ನೆಲಕ್ಕೆ ಬಿತ್ತು. ಅವಳು ನೋಡುತ್ತಿದ್ದುದು ಆಲ್ವಿನ್‌ನನ್ನು. ದೂರು ಕೊಟ್ಟ ದಿನ ಅವಳ ಕಣ್ಣಲ್ಲಿದ್ದ ಸಿಟ್ಟು ಈಗ ಇರಲಿಲ್ಲ. ಮೈದಾನದಲ್ಲಿ ಐವತ್ತನಾಲ್ಕನ್ನು ಕಂಡೆ ಎಂದು ಒಬ್ಬ ಮನುಷ್ಯ ಪ್ರಮಾಣ ಮಾಡಿ ಹೇಳುತ್ತಿದ್ದ. ಅದು ಕಾಣಲು ಸಾಧ್ಯವೇ ಇರಲಿಲ್ಲ ಎಂದು ಆ ಕೋಣೆಯಲ್ಲಿ ಯಾರಿಗಾದರೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದರೆ, ಅದು ಅವಳಿಗೆ.

“ಅವರು ಸುಳ್ಳು ಹೇಳ್ತಿದ್ದಾರೆ” ಎಂದಳು. ದನಿ ಸಣ್ಣದಾಗಿತ್ತು, ಕಪಾಟುಗಳ ಬಳಿ ನಿಂತವರು ಕಿವಿಗೊಟ್ಟು ಮುಂದೆ ಬಾಗಿದರು. “ನನಗೋಸ್ಕರ ಹೇಳ್ತಿದ್ದಾರೆ. ಅವತ್ತು ಐವತ್ತನಾಲ್ಕು ಒಳಗೆ ಬರ್ಲೇ ಇಲ್ಲ. ನಾನು ಅವನಿಗೆ ಬೇರೆ ಜೆರ್ಸಿ ಹಾಕ್ದೆ. ನನ್ನ ಕೈಯ್ಯಾರೆ.”

ಮರ್ಸರ್ ಬಾಗಿಲ ಚೌಕಟ್ಟಿಗೆ ಹಣೆ ಒತ್ತಿದ. ಆಲ್ವಿನ್ ಒಂದು ಹೆಜ್ಜೆ ಅವಳ ಕಡೆಗೆ ಇಟ್ಟು, ಕೂತ್ಕೋ ಲೊರೇನ್, ಕೂತ್ಕೋ ಎಂದು ಬೇಡಿಕೊಂಡ. ಅವಳು ಕೂರಲಿಲ್ಲ.

ಮೂಗಿನ ರಕ್ತ ಕಂಡರೆ ರೆಫರಿ ಮತ್ತೆ ಹೊರಗೆ ಹಾಕುತ್ತಾರೆ, ಇದೇ ಕೊನೆಯ ಆಟ ಅಮ್ಮ ಎಂದು ಮಗ ಅತ್ತನಂತೆ. ಹೋಗಲು ಬಿಡುವ ಮನಸ್ಸು ತನಗಿರಲಿಲ್ಲ ಎಂದಳು. ಹಾಗಾಗಿ ತಿಳಿದವರನ್ನು ಕೇಳಿದಳು. ಮಳೆ ತಪ್ಪಿಸಿಕೊಳ್ಳಲು ಡೇರೆಯೊಳಗೆ ನಿಂತು ಕೋಕೋ ಕುಡಿಯುತ್ತಿದ್ದವರು, ನಿಯಮ ತಡೆಯುವುದು ಆ ನಂಬರನ್ನು, ಒಣ ಜೆರ್ಸಿ ಹಾಕಿದರೆ ಅಡ್ಡಿಯಿಲ್ಲ ಎಂದರು. ಆಮೇಲೆ ಚೀಲದಿಂದ ಎಪ್ಪತ್ತಾರನ್ನು ತೆಗೆದು ಅವಳ ಕೈಗೆ ಕೊಟ್ಟದ್ದೂ ಅವರೇ.

“ಯಾರಮ್ಮ ಅದು?” ಎಂದು ಮಿಸೆಸ್ ಓಕ್ಸ್ ಕೇಳಿದರು. “ಯಾರು ಹಾಗೆ ಹೇಳಿದ್ದು?”

ಲೊರೇನ್ ಅವರ ಕಡೆ ತಿರುಗಲಿಲ್ಲ. ಮೇಜಿನ ನಡುವೆ ಕೂತಿದ್ದ ಎವರೆಟ್ ಸ್ಟ್ರೂಬರನ್ನೇ ನೋಡುತ್ತ ನಿಂತಳು. ಅವರ ಕೈ ಕನ್ನಡಕಕ್ಕಾಗಿ ಮೇಜನ್ನು ತಡಕುತ್ತಿತ್ತು, ಅದು ಎದುರಿಗೇ ಇದ್ದರೂ.

“ನೀವೇ ಹೇಳ್ತೀರಾ ಸರ್, ನಾನು ಹೇಳ್ಲಾ?”